ಹೆಡೆಯೆತ್ತಿದ ವಿಮಾನ ಕಚ್ಚಬಲ್ಲದೇ?

2025ರ ಫೆಬ್ರುವರಿ. ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕಾಗಿ ಬೆಂಗಳೂರಿನ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಫಾಸಲೆಯಲ್ಲಿ ಯಾರೂ ಮಾಂಸ ಮಾರುವಂತಿಲ್ಲ ಎಂದು ಬಿಬಿಎಂಪಿ ಮೊದಲೇ ಆದೇಶ ಹೊರಡಿಸಿತ್ತು. ಬಿಸಾಡಿದ ಮಾಂಸದ ಚೂರಿಗೆ ಹದ್ದುಗಳು ಬರುತ್ತವೆ, ಹದ್ದೊಂದು ಜೆಟ್ ಎಂಜಿನ್ನಿನೊಳಗೆ ಹೋದರೆ ಮುಗಿಯಿತು. ಹೀಗೆ ಬಿರಿಯಾನಿ ಬಿಟ್ಟು ಕೂತಿದ್ದ ಊರಿನ ನೆತ್ತಿಯ ಮೇಲೆ ರಷ್ಯಾದ ಸುಖೋಯ್-57 ಬಂತು.

ಬಂದ ರೀತಿಯೇ ವಿಚಿತ್ರ. ಯುದ್ಧವಿಮಾನ ಅಂದರೆ ಸುಂಯ್ ಅಂತ ಬಂದು ಹೋಗಬೇಕಲ್ಲ? ಇದು ಮೂತಿ ಮೇಲೆತ್ತಿ, ಹೊಟ್ಟೆ ತೋರಿಸುತ್ತ, ಸಂತೆಯಲ್ಲಿ ಎಮ್ಮೆ ನಡೆದ ಹಾಗೆ ಬಂತು. ಸದ್ದು ಮಾತ್ರ ಎದೆಗೂಡಿನೊಳಗೇ ಗುದ್ದಿತು. ನಮ್ಮ ಮಹಡಿಯ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಗಡಗಡ ನಡುಗಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದವರು, "ನೋಡ್ರೀ, ಗಾಳೀಲಿ ನಿಂತೇಬಿಡ್ತು! ಇದರೆದುರು ಇನ್ಯಾವ ವಿಮಾನ ನಿಂತೀತು?" ಅಂದರು.

ಅವರು ಹೇಳಿದ್ದು ಎರಡು ಮಾತು. ಮೊದಲನೆಯದು ಕಣ್ಣಿಗೆ ಕಂಡದ್ದು. ಎರಡನೆಯದು ಅದರಿಂದ ಒಂದೇ ನೆಗೆತಕ್ಕೆ ಹಾರಿ ಹಿಡಿದ ತೀರ್ಮಾನ. ಇವೆರಡರ ನಡುವೆ ಏನೇನಿದೆ ಎಂದು ಆ ಸದ್ದಿನಲ್ಲಿ ವಿವರಿಸಲು ಆಗಲಿಲ್ಲ, ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಆ ನಿಲ್ಲುವ ಗುಟ್ಟು. ಬಸ್ಸಿನ ಕಿಟಕಿ ಪಕ್ಕ ಕೂತು, ಕೈ ಹೊರಗೆ ಚಾಚಬೇಡಿ ಎಂಬ ಬೋರ್ಡನ್ನು ಲೆಕ್ಕಿಸದೆ ಅಂಗೈ ಹೊರಗಿಟ್ಟವರಿಗೆಲ್ಲ ಇದು ಗೊತ್ತು. ಅಂಗೈಯನ್ನು ತುಸು ಓರೆ ಮಾಡಿದರೆ ಕೈ ತಾನಾಗಿ ಮೇಲೇಳುತ್ತದೆ. ಇನ್ನೂ ಓರೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಮೇಲೇಳುವುದು ನಿಂತು, ಗಾಳಿ ಕೈಯನ್ನು ಹಿಂದಕ್ಕೆ ದಬ್ಬುತ್ತದೆ. ರೆಕ್ಕೆಯ ಕಥೆಯೂ ಇಷ್ಟೇ. ಎದುರುಗಾಳಿಗೂ ರೆಕ್ಕೆಗೂ ನಡುವಿನ ಓರೆಗೆ ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯ ವಿಮಾನದಲ್ಲಿ ಅದು 15 ಡಿಗ್ರಿ ದಾಟಿ ತುಸು ಮುಂದೆ ಹೋಗುತ್ತಿದ್ದಂತೆ ರೆಕ್ಕೆಯ ಮೇಲ್ಮೈಯಿಂದ ಗಾಳಿ ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಪ್ರಯಾಣಿಕರ ವಿಮಾನದಲ್ಲಿ ಇದು ಪ್ರಾಣಸಂಕಟದ ಹೊತ್ತು. ರಷ್ಯನ್ನರು ಇದನ್ನೇ ಆಟವಾಗಿ ಮಾಡಿಕೊಂಡರು.

ಆ ಆಟದ ಹುಟ್ಟು ಸುಖೋಯ್-57ಕ್ಕಿಂತ ತುಂಬಾ ಹಳೆಯದು. 1989ರ ಜೂನ್‌ನಲ್ಲಿ ಪ್ಯಾರಿಸ್ ಪಕ್ಕದ ಲ ಬುರ್ಜೆ ಪ್ರದರ್ಶನದಲ್ಲಿ ವಿಕ್ಟರ್ ಪುಗಚೋವ್ ಎಂಬ ಪರೀಕ್ಷಾ ಪೈಲಟ್ ಸುಖೋಯ್-27ನ್ನು ನೇರಕ್ಕೆ ಹಾರಿಸುತ್ತ ಬಂದು, ಇದ್ದಕ್ಕಿದ್ದಂತೆ ಮೂತಿಯನ್ನು ನೆಟ್ಟಗೆ ಮೇಲೆತ್ತಿ, ಅದನ್ನೂ ದಾಟಿಸಿ ಹಿಂದಕ್ಕೆ ವಾಲಿಸಿದರು. ಸುಮಾರು 110 ಡಿಗ್ರಿ. ವಿಮಾನ ಮುಂದಕ್ಕೇ ಹೋಗುತ್ತಿತ್ತು, ಆದರೆ ಬಾಲ ಮುಂದೆ, ಮೂತಿ ಹಿಂದೆ! ಎರಡು-ಮೂರು ಸೆಕೆಂಡ್ ಹಾಗೆ ಜಾರಿ, ಮತ್ತೆ ಮೂತಿ ಬಗ್ಗಿಸಿ ಏನೂ ಆಗದವರ ಹಾಗೆ ಹೊರಟುಹೋದರು. ಹಾವು ಹೆಡೆಯೆತ್ತಿದ ಹಾಗಿತ್ತು, ಕೋಬ್ರಾ ಎಂದೇ ಹೆಸರಾಯಿತು. ಇದನ್ನು ಅವರಿಗಿಂತ ಮೊದಲೇ ಇಗೋರ್ ವೋಲ್ಕ್ ಎಂಬ ಇನ್ನೊಬ್ಬ ಸೋವಿಯತ್ ಪೈಲಟ್ ಪರೀಕ್ಷೆಯ ವೇಳೆ ಮಾಡಿದ್ದರೆನ್ನುತ್ತಾರೆ. ಹೆಸರು ಮಾತ್ರ ಜನರ ಮುಂದೆ ಮಾಡಿದವರಿಗೆ ಅಂಟಿಕೊಂಡಿತು.

ಅದೇ ಪ್ರದರ್ಶನದ ಆರಂಭದಲ್ಲಿ, ಜೂನ್ 8ರಂದು, ಅನತೋಲಿ ಕ್ವೊಚುರ್ ಹಾರಿಸುತ್ತಿದ್ದ ಮಿಗ್-29 ಕೆಳಮಟ್ಟದಲ್ಲಿ ನಿಧಾನಕ್ಕೆ ಹೋಗುತ್ತಿದ್ದಾಗ ಬಲ ಎಂಜಿನ್ನಿಗೆ ಹಕ್ಕಿ ಸಿಕ್ಕಿ ನೆಲಕ್ಕೆ ಅಪ್ಪಳಿಸಿತು. ಪೈಲಟ್ ಕೊನೆಯ ಗಳಿಗೆಯಲ್ಲಿ ಹೊರಜಿಗಿದು ಬದುಕಿಕೊಂಡರು. ಜನ ವಿಮಾನ ಬಿದ್ದದ್ದಕ್ಕಿಂತ ಪೈಲಟ್‌ನನ್ನು ಹೊರಕ್ಕೆಸೆಯುವ ಆ ಕೆ-36 ಕುರ್ಚಿ ಮನುಷ್ಯನನ್ನು ಉಳಿಸಿದ್ದನ್ನು ಹೆಚ್ಚು ನೆನಪಿಟ್ಟರು. ಮಾಂಸದಂಗಡಿಯ ಆದೇಶ ನೋಡಿ ನಗುವವರು ಇದನ್ನೊಮ್ಮೆ ನೆನೆಯಬಹುದು.

ಕೋಬ್ರಾದಲ್ಲಿ ಪೈಲಟ್‌ನ ಎದೆಗಾರಿಕೆ ಎಲ್ಲರಿಗೂ ಕಾಣುತ್ತದೆ. ಬಲ್ಲವರು ನೋಡುವುದು ಎಂಜಿನ್ನನ್ನು. ಜೆಟ್ ಎಂಜಿನ್ ಬದುಕುವುದೇ ಮುಂದಿನಿಂದ ಸರಾಗವಾಗಿ ಬರುವ ಗಾಳಿಯಿಂದ. ವಿಮಾನವನ್ನು ಅಡ್ಡಡ್ಡ ತಿರುಗಿಸಿದರೆ ಗಾಳಿ ಬಾಯಿಗೆ ನೇರ ಹೋಗುವುದಿಲ್ಲ, ಸುಳಿಸುಳಿಯಾಗಿ ಹೋಗುತ್ತದೆ. ಒಳಗೆ ಗಾಳಿಯನ್ನು ಒತ್ತಿ ಹಿಂಡುವ ಕಂಪ್ರೆಸರ್ ಉಸಿರುಗಟ್ಟಿದಂತಾಗಿ ಕೆಮ್ಮುತ್ತದೆ, ಕೆಲವೊಮ್ಮೆ ಬೆಂಕಿ ಉಗುಳಿ ಆರಿಹೋಗುತ್ತದೆ. ಸುಖೋಯ್-27ರ ಎಎಲ್-31 ಎಂಜಿನ್ ಆ ಸ್ಥಿತಿಯಲ್ಲೂ ಉರಿಯುತ್ತಲೇ ಇತ್ತು. ಪಶ್ಚಿಮದ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಇದು. ಹಾಗಂತ ಈ ಎಂಜಿನ್ ಮನೆತನ ಎಂದೂ ಕೆಮ್ಮದ್ದಲ್ಲ. 2011ರ ಆಗಸ್ಟ್‌ನಲ್ಲಿ ಮಾಸ್ಕೋ ಹತ್ತಿರದ ಝುಕೋವ್‌ಸ್ಕಿಯಲ್ಲಿ ಇದೇ ಸುಖೋಯ್-57ರ ಮಾದರಿ ಜನರ ಮುಂದೆ ರನ್‌ವೇಯಲ್ಲಿ ಓಡುತ್ತಿದ್ದಾಗ ಎಂಜಿನ್ನಿನಿಂದ ಜ್ವಾಲೆ ಚಿಮ್ಮಿ, ಪ್ಯಾರಾಚೂಟ್ ಬಿಚ್ಚಿ ನಿಲ್ಲಬೇಕಾಯಿತು.

ಪುಗಚೋವ್ ಕಾಲದಲ್ಲಿ ವಿಮಾನ ಒಮ್ಮೆ ಹೆಡೆಯೆತ್ತಿದ ಮೇಲೆ ಅದನ್ನು ಅತ್ತಿತ್ತ ಆಡಿಸುವಂತಿರಲಿಲ್ಲ. ರೆಕ್ಕೆಗೆ, ಬಾಲಕ್ಕೆ ಗಾಳಿಯ ಹಿಡಿತವಿಲ್ಲದಿದ್ದರೆ ಅವುಗಳಲ್ಲಿ ವಿಮಾನ ತಿರುಗಿಸಲೆಂದಿರುವ ಪಟ್ಟಿಗಳನ್ನು ಎಷ್ಟು ಅಲ್ಲಾಡಿಸಿದರೂ ಅಷ್ಟೇ, ದಡದ ಮೇಲಿನ ದೋಣಿಗೆ ಹುಟ್ಟು ಹಾಕಿದ ಹಾಗೆ. ಇದಕ್ಕೆ ಉತ್ತರವಾಗಿ ಬಂದದ್ದು ಥ್ರಸ್ಟ್ ವೆಕ್ಟರಿಂಗ್. ಗಾಳಿ ಹಿಡಿತ ಕೊಡದಿದ್ದರೇನು, ಎಂಜಿನ್ನಿನ ಹಿಂದಿನಿಂದ ನುಗ್ಗುವ ಬೆಂಕಿಯ ಧಾರೆ ಇದೆಯಲ್ಲ, ಅದನ್ನೇ ತಿರುಗಿಸಿದರಾಯಿತು. ತೋಟಕ್ಕೆ ಜೋರಾಗಿ ನೀರು ಬಿಡುವಾಗ ಪೈಪಿನ ತುದಿ ಸೊಟ್ಟಗಾದರೆ ಪೈಪು ಹೇಗೆ ಎದುರು ದಿಕ್ಕಿಗೆ ಒದೆಯುತ್ತದೋ ಹಾಗೆ, ಬೆಂಕಿ ಹೊರಬರುವ ನಳಿಗೆ ಒಂದು ಕಡೆ ತಿರುಗಿದರೆ ವಿಮಾನದ ಬಾಲ ಇನ್ನೊಂದು ಕಡೆಗೆ ಒದೆಯಲ್ಪಡುತ್ತದೆ.

ಇಲ್ಲಿ ಸುಖೋಯ್‌ನವರದ್ದೊಂದು ಜಾಣತನವಿದೆ. ಎಲ್ಲ ದಿಕ್ಕಿಗೂ ಹೊರಳುವ ನಳಿಗೆ ಮಾಡುವುದು ಕಷ್ಟ, ತೂಕವೂ ಹೆಚ್ಚು. ಅವರು ಒಂದೊಂದು ನಳಿಗೆಯನ್ನೂ ಒಂದೇ ಗೆರೆಯ ಮೇಲೆ ಅತ್ತಿತ್ತ ಆಡುವಂತೆ ಮಾಡಿ, ಆ ಗೆರೆಯನ್ನೇ ಹೊರಕ್ಕೆ ಓರೆಯಾಗಿ ಕೂರಿಸಿದರು. ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐಯಲ್ಲಿ ಈ ಓರೆ 32 ಡಿಗ್ರಿ. ಎರಡೂ ನಳಿಗೆ ಒಟ್ಟಿಗೆ ಆಡಿದರೆ ಮೂತಿ ಮೇಲೆ ಕೆಳಗೆ. ಒಂದು ಮೇಲೆ, ಒಂದು ಕೆಳಗೆ ಆದರೆ ಪಕ್ಕಕ್ಕೆ ತಿರುವೂ ಉರುಳೂ ಸಿಗುತ್ತವೆ. ಜೋಡೆತ್ತಿನ ಗಾಡಿ ಹೊಡೆಯುವವನು ಎರಡು ಹಗ್ಗದಲ್ಲೇ ಗಾಡಿಯನ್ನು ಬೇಕಾದ ಕಡೆ ತಿರುಗಿಸುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ. ಸುಖೋಯ್-35, ಸುಖೋಯ್-57 ಎರಡೂ ಇದೇ ದಾರಿ ಹಿಡಿದಿವೆ. ಪೈಲಟ್ ಈ ಲೆಕ್ಕವನ್ನೆಲ್ಲ ಮಾಡುತ್ತ ಕೂರುವುದಿಲ್ಲ. ಅವನು ಕೈಯಲ್ಲಿರುವ ನಿಯಂತ್ರಣದ ಕಡ್ಡಿ ಎಳೆಯುತ್ತಾನೆ, ಯಾವ ಪಟ್ಟಿ ಎಷ್ಟು, ಯಾವ ನಳಿಗೆ ಎಷ್ಟು ಎಂದು ಕಂಪ್ಯೂಟರ್ ಹಂಚುತ್ತದೆ.

ಇದರಿಂದಾಗಿ ಗಾಳಿಯಲ್ಲಿ ತರಗೆಲೆಯಂತೆ ತಿರುಗುತ್ತ ಇಳಿಯುವುದು, ನಿಂತಲ್ಲೇ ಹಿಂಪಲ್ಟಿ ಹೊಡೆಯುವುದು ಎಲ್ಲ ಸಾಧ್ಯವಾಯಿತು. ಅಪಾಯ ಮಾತ್ರ ತಪ್ಪಲಿಲ್ಲ. 1999ರ ಜೂನ್‌ನಲ್ಲಿ ಅದೇ ಲ ಬುರ್ಜೆಯಲ್ಲಿ, ನಮ್ಮ ಎಂಕೆಐಗೆ ದಾರಿಮಾಡಿದ ಸುಖೋಯ್-30ರ ಮಾದರಿಯೊಂದು ತಿರುಗುತ್ತ ಇಳಿದು, ಮೇಲೇಳುವಷ್ಟರಲ್ಲಿ ತೀರಾ ಕೆಳಗಿತ್ತು. ಬಾಲ ನೆಲಕ್ಕೆ ಉಜ್ಜಿತು. ಆದರೂ ಒಂದಷ್ಟು ಎತ್ತರಕ್ಕೆ ಏರಿತು, ಒಳಗಿದ್ದ ಇಬ್ಬರೂ ಹೊರಜಿಗಿದರು, ವಿಮಾನ ಬಿದ್ದು ಸುಟ್ಟುಹೋಯಿತು.

ಯಲಹಂಕದಲ್ಲಿ ಈ ಆಟ ಇನ್ನೂ ತುಸು ಕಷ್ಟ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಪ್ಯಾರಿಸ್, ಝುಕೋವ್‌ಸ್ಕಿಗಳು ಸಮುದ್ರಮಟ್ಟಕ್ಕೆ ಹತ್ತಿರ. ನಮ್ಮದು 900 ಮೀಟರ್‌ಗೂ ಮೇಲೆ. ಇಲ್ಲಿನ ಗಾಳಿ ಸುಮಾರು ನೂರಕ್ಕೆ ಒಂಬತ್ತು ಪಾಲು ತೆಳು, ಫೆಬ್ರುವರಿ ಮಧ್ಯಾಹ್ನದ ಬಿಸಿಲಲ್ಲಿ ಇನ್ನಷ್ಟು. ರೆಕ್ಕೆಗೂ ಎಂಜಿನ್ನಿಗೂ ಅಷ್ಟು ಕೂಳು ಕಡಿಮೆ.

ಈಗ ಮೇಷ್ಟ್ರ ಎರಡನೇ ಮಾತು. ಇದರೆದುರು ಯಾವುದು ನಿಂತೀತು?

ಪ್ರದರ್ಶನಕ್ಕೆ ಬರುವ ವಿಮಾನ ಹಗುರ. ಕ್ಷಿಪಣಿ ಇಲ್ಲ, ಹತ್ತು ನಿಮಿಷಕ್ಕೆ ಬೇಕಾದಷ್ಟೇ ಇಂಧನ. ಯುದ್ಧಕ್ಕೆ ಹೊರಡುವಾಗ ಅದೇ ವಿಮಾನ ಬಸುರಿ ಹಸುವಿನಂತಿರುತ್ತದೆ. ಸುಖೋಯ್-57ರ ಖಾಲಿ ತೂಕ ಸುಮಾರು 18.5 ಟನ್, ತುಂಬಿ ಏರಿದಾಗ 35 ಟನ್‌ವರೆಗೆ. ಇದು ಸಣ್ಣ ವಿಷಯ. ದೊಡ್ಡ ವಿಷಯ ವೇಗದ್ದು.

ಆಕಾಶದ ಜಗಳದಲ್ಲಿ ವೇಗ ಮತ್ತು ಎತ್ತರ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ. ತಿರುವು ತೆಗೆದುಕೊಂಡಾಗಲೆಲ್ಲ ಖರ್ಚು, ಎಂಜಿನ್ ಮತ್ತೆ ದುಡಿದು ತುಂಬಬೇಕು. ಗಂಟೆಗೆ 900 ಕಿ.ಮೀ. ವೇಗದಲ್ಲಿದ್ದ ವಿಮಾನ ಹೆಡೆಯೆತ್ತುವ ಕಸರತ್ತಿಗಾಗಿ 200ಕ್ಕೆ ಇಳಿದರೆ, ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಉಳಿಯುವುದು ಇಪ್ಪತ್ತರಲ್ಲಿ ಒಂದು ಪಾಲು. ಮರಳಿ ಗಳಿಸಲು ಎಷ್ಟು ಹೊತ್ತು? 26 ಟನ್ ತೂಗುವ ವಿಮಾನಕ್ಕೆ ಎರಡು ಎಂಜಿನ್ ಸೇರಿ 30 ಟನ್ ನೂಕುಬಲ ಎಂದಿಟ್ಟುಕೊಳ್ಳಿ, ಗಾಳಿಯ ತಡೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆಗಲೂ 17 ಸೆಕೆಂಡ್ ಬೇಕು. ಶಬ್ದದ ಮೂರುಪಟ್ಟು ವೇಗದ ಕ್ಷಿಪಣಿ ಅಷ್ಟು ಹೊತ್ತಿಗೆ 15 ಕಿ.ಮೀ. ದಾಟಿರುತ್ತದೆ. ಹೆಡೆಯೆತ್ತಿ ನಿಂತ ಹಾವಿಗೆ ಕಲ್ಲು ಹೊಡೆಯುವುದು ಸುಲಭ ಎಂದು ಹಳ್ಳಿ ಹುಡುಗರಿಗೂ ಗೊತ್ತು.

ಇದು ಕಾಗದದ ಲೆಕ್ಕ ಮಾತ್ರವಲ್ಲ. 2008ರ ಬೇಸಿಗೆಯಲ್ಲಿ ನಮ್ಮ ಸುಖೋಯ್-30ಗಳು ಅಮೆರಿಕಕ್ಕೆ ಹೋಗಿ ಅಲ್ಲಿನ ಎಫ್-15ಗಳ ಜೊತೆ ಅಣಕು ಕಾಳಗ ಆಡಿದವು. ಆಮೇಲೆ ಅಮೆರಿಕದ ಅಧಿಕಾರಿಯೊಬ್ಬರು ಮಾಡಿದ ಭಾಷಣದ ವಿಡಿಯೊ ಹೊರಬಿತ್ತು. ಸುಖೋಯ್ ನಳಿಗೆ ತಿರುಗಿಸಿ ಮೂತಿ ಎಳೆದುಕೊಂಡ ಕೂಡಲೇ ಬಾಲ ಕುಸಿಯುತ್ತದೆ, ನಾವು ಮೇಲಕ್ಕೆದ್ದು ಕಾದು ಗನ್ ಹಿಡಿದು ಇಳಿಯುತ್ತಿದ್ದೆವು ಎಂಬರ್ಥದಲ್ಲಿ ಅವರು ಹೇಳಿದ್ದರು. ನಮ್ಮವರು ಒಪ್ಪಲಿಲ್ಲ. ನಮ್ಮ ರೇಡಾರುಗಳು ಅಲ್ಲಿ ಪೂರ್ತಿ ಸಾಮರ್ಥ್ಯದಲ್ಲಿ ಓಡಲಿಲ್ಲ ಎಂಬುದೂ ನಿಜ. ಗೆದ್ದವರ್ಯಾರು ಎನ್ನುವ ಗಲಾಟೆಗೆ ನಾನು ಹೋಗುವುದಿಲ್ಲ. ನಳಿಗೆ ತಿರುಗಿಸುವುದನ್ನು ತಪ್ಪು ಹೊತ್ತಿನಲ್ಲಿ ಬಳಸಿದರೆ ದಂಡ ತೆರಬೇಕಾಗುತ್ತದೆ ಎಂಬುದನ್ನು ಮಾತ್ರ ಎರಡೂ ಕಡೆಯ ಪೈಲಟ್‌ಗಳು ಬಲ್ಲರು.

ಹಾಗಿದ್ದರೆ ಮೂತಿಯನ್ನು ಥಟ್ಟನೆ ತಿರುಗಿಸುವುದರಿಂದ ಲಾಭವೇ ಇಲ್ಲವೇ? ಒಂದು ಕಾಲಕ್ಕಿತ್ತು. ಹಳೆಯ ಶಾಖಾನ್ವೇಷಿ ಕ್ಷಿಪಣಿ ಮೂತಿಯ ಎದುರಿಗಿದ್ದ ಗುರಿಯನ್ನಷ್ಟೇ ಹಿಡಿಯುತ್ತಿತ್ತು, ಯಾರು ಮೊದಲು ಮೂತಿ ತೋರಿಸುತ್ತಾರೋ ಅವರದ್ದೇ ಗೆಲುವು. ಆ ಲಾಭಕ್ಕೆ ಕಲ್ಲು ಹಾಕಿದವರು ಖುದ್ದು ರಷ್ಯನ್ನರೇ. 1980ರ ದಶಕದಲ್ಲೇ ಅವರು ಆರ್-73 ಕ್ಷಿಪಣಿಯನ್ನು ಪೈಲಟ್‌ನ ಹೆಲ್ಮೆಟ್ಟಿಗೆ ಜೋಡಿಸಿದ್ದರು. ಪೈಲಟ್ ಕತ್ತು ಹೊರಳಿಸಿ ನೋಡಿದರೆ ಸಾಕು, ವಿಮಾನ ತಿರುಗಬೇಕಿಲ್ಲ. 1990ರಲ್ಲಿ ಜರ್ಮನಿ ಒಂದಾದಾಗ ಪೂರ್ವ ಜರ್ಮನಿಯ ಮಿಗ್-29ಗಳು ನೇಟೊ ಕೈಗೆ ಬಂದವು. ಪರೀಕ್ಷಿಸಿ ನೋಡಿದವರು ದಂಗಾದರು. ಆಮೇಲೆ ಪಶ್ಚಿಮದವರೂ ಐರಿಸ್-ಟಿ, ಎಐಎಂ-9ಎಕ್ಸ್‌ನಂಥ ಕ್ಷಿಪಣಿಗಳನ್ನು ಮಾಡಿಕೊಂಡರು. ಇಂದು ಹತ್ತಿರದ ಜಗಳಕ್ಕಿಳಿದರೆ ಇಬ್ಬರೂ ಕ್ಷಿಪಣಿ ಬಿಟ್ಟು ಇಬ್ಬರೂ ಬೀಳುವ ಸಾಧ್ಯತೆಯೇ ಹೆಚ್ಚು.

ಕೋಬ್ರಾದ ಪರವಾಗಿ ಇನ್ನೊಂದು ವಾದವಿದೆ, ಕೇಳಲು ಚೆನ್ನಾಗಿದೆ. ಡಾಪ್ಲರ್ ರೇಡಾರ್ ತನ್ನತ್ತ ಬರುವ ಅಥವಾ ದೂರ ಹೋಗುವ ವೇಗವನ್ನು ನೋಡಿ ವಿಮಾನವನ್ನು ನೆಲದಿಂದ ಬೇರ್ಪಡಿಸುತ್ತದೆ. ವಿಮಾನ ನಿಂತೇಬಿಟ್ಟರೆ ಅದೂ ಗುಡ್ಡ, ಮರ, ಮನೆಗಳ ಸಾಲಿಗೆ ಸೇರಿ ಪರದೆಯಿಂದ ಮಾಯ. ತತ್ತ್ವ ಸರಿಯೇ. ಆದರೆ ರೇಡಾರಿಗೆ ಅಡ್ಡಲಾಗಿ ತಿರುಗಿ ಹಾರಿದರೂ ಅದೇ ಫಲ, ವೇಗವೂ ಕೈಯಲ್ಲೇ ಉಳಿಯುತ್ತದೆ. ಎಲ್ಲ ದೇಶದ ಪೈಲಟ್‌ಗಳೂ ಕಲಿಯುವುದು ಆ ವಿದ್ಯೆಯನ್ನು.

ನಿಜವಾದ ಜಗಳ ನಡೆಯುವುದು ಕಣ್ಣಿಗೆ ಕಾಣದ ದೂರದಲ್ಲಿ. ಯಾರು ಮೊದಲು ನೋಡಿದರು, ಯಾರ ಕ್ಷಿಪಣಿ ಮೊದಲು ಮುಟ್ಟಿತು ಎಂಬುದೇ ಅಲ್ಲಿ ಪ್ರಶ್ನೆ. ಸುಖೋಯ್-35ರ ಇರ್ಬಿಸ್ ರೇಡಾರ್‌ನ ತಯಾರಕರು ಕೊಟ್ಟಿರುವ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರೇಡಾರಿನ ಕಣ್ಣಿಗೆ 3 ಚದರ ಮೀಟರ್‌ನಷ್ಟು ಕಾಣುವ ವಿಮಾನವನ್ನು ಅದು 350-400 ಕಿ.ಮೀ. ದೂರದಿಂದ ಹಿಡಿಯಬಲ್ಲದಂತೆ. 0.01 ಚದರ ಮೀಟರ್‌ನಷ್ಟೇ ಕಾಣುವುದನ್ನು 90 ಕಿ.ಮೀ.ಗೆ. ಗುರಿ 300 ಪಟ್ಟು ಕಿರಿದಾಯಿತು, ದೂರ ಮಾತ್ರ ನಾಲ್ಕು ಪಟ್ಟು ಕುಗ್ಗಿತು. ರೇಡಾರಿನ ಅಲೆ ಹೋಗುವಾಗಲೂ ಹರಡಿ ತೆಳುವಾಗುತ್ತದೆ, ಬರುವಾಗಲೂ ಹರಡಿ ತೆಳುವಾಗುತ್ತದೆ. ಹಾಗಾಗಿ ಕಾಣುವ ದೂರವನ್ನು ಅರ್ಧ ಮಾಡಬೇಕಾದರೆ ವಿಮಾನವನ್ನು ಹದಿನಾರರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು. ಸ್ಟೆಲ್ತ್, ಅಂದರೆ ರೇಡಾರಿನ ಕಣ್ಣಿಗೆ ಆದಷ್ಟು ಕಾಣದಿರುವ ವಿದ್ಯೆ, ದುಬಾರಿಯಾಗುವುದು ಈ ಗಣಿತದಿಂದ. ಅರೆಬರೆ ಸ್ಟೆಲ್ತ್‌ನಿಂದ ಅರೆಬರೆ ಲಾಭವೂ ಸಿಗುವುದಿಲ್ಲ.

ಸುಖೋಯ್-57ರ ಬಗೆಗಿನ ತಕರಾರೂ ಇಲ್ಲೇ. ಸುಖೋಯ್ ಸಂಸ್ಥೆಯದೇ ಪೇಟೆಂಟ್ ಅರ್ಜಿಯಲ್ಲಿ ರೇಡಾರಿಗೆ ಕಾಣುವ ಇದರ ಸರಾಸರಿ ಗಾತ್ರವನ್ನು 0.1ರಿಂದ 1 ಚದರ ಮೀಟರ್ ಎಂದು ಬರೆದಿದೆ. ಹಳೆಯ ಸುಖೋಯ್‌ಗಳ ಎದುರು ಇದು ಬಹಳ ಸಣ್ಣದು, ಆದರೆ ಅಮೆರಿಕದ ಎಫ್-35ಕ್ಕೆ ಹೇಳಲಾಗುವ ಅಂಕಿಗಳು ಇದಕ್ಕಿಂತ ಎಷ್ಟೋ ಕಿರಿದು. ಎಂಜಿನ್ನುಗಳ ದುಂಡು ನಳಿಗೆ, ಅಲ್ಲಲ್ಲಿ ಕಾಣುವ ಜೋಡಣೆಯ ಸಂದುಗಳು ಎಲ್ಲ ಲೆಕ್ಕಕ್ಕೆ ಬರುತ್ತವೆ. 2024ರ ನವೆಂಬರ್‌ನಲ್ಲಿ ಚೀನಾದ ಝೂಹಾಯ್ ಪ್ರದರ್ಶನದಲ್ಲಿ ಇದರ ಮೈಮೇಲಿನ ಸ್ಕ್ರೂಗಳನ್ನು ಹತ್ತಿರದಿಂದ ಫೋಟೊ ತೆಗೆದು ಜಾಲತಾಣಗಳಲ್ಲಿ ಗೇಲಿ ಮಾಡಿದರು. ಅಲ್ಲಿಗೆ ಬಂದದ್ದು ಹಳೆಯ ಪರೀಕ್ಷಾ ಮಾದರಿ, ಅದನ್ನೇ ನೋಡಿ ಪೂರ್ತಿ ತೀರ್ಪು ಕೊಡುವುದು ಅನ್ಯಾಯ.

ಸಮರದಲ್ಲಿ ಇದರ ನಿಜವಾದ ಬಲ ನನ್ನ ಪ್ರಕಾರ ಬೇರೆ ಎರಡು ಕಡೆ ಇದೆ, ಎರಡೂ ಏರ್ ಶೋದಲ್ಲಿ ಕಾಣುವಂಥವಲ್ಲ. ಒಂದು, ಹೊಟ್ಟೆಯೊಳಗಿನ ಗೂಡುಗಳು. ಎರಡು ದೊಡ್ಡವು ಒಂದರ ಹಿಂದೊಂದು, ರೆಕ್ಕೆಯ ಬುಡದಲ್ಲಿ ಎರಡು ಸಣ್ಣವು. ಕ್ಷಿಪಣಿ ಒಳಗಿದ್ದರಷ್ಟೇ ಮರೆಯಾಗಿರಲು ಸಾಧ್ಯ, ಹೊರಗೆ ನೇತುಹಾಕಿದರೆ ಸ್ಟೆಲ್ತ್‌ಗೆ ಮಾಡಿದ ಖರ್ಚೆಲ್ಲ ನೀರಿಗೆ ಹೋಮ. ಎರಡನೆಯದು, ಮೂತಿಯ ಎರಡೂ ಕೆನ್ನೆಗಳಲ್ಲಿರುವ ಪಕ್ಕದ ರೇಡಾರುಗಳು. ಸಾಮಾನ್ಯ ಯುದ್ಧವಿಮಾನ ಕ್ಷಿಪಣಿ ಬಿಟ್ಟ ಮೇಲೂ ಅದಕ್ಕೆ ದಾರಿ ತೋರಿಸುತ್ತಿರಬೇಕಾದ್ದರಿಂದ ಮೂತಿಯನ್ನು ಶತ್ರುವಿನ ಕಡೆಗೇ ಇಟ್ಟುಕೊಂಡು ಹತ್ತಿರವಾಗುತ್ತಲೇ ಇರುತ್ತದೆ. ಪಕ್ಕದ ಕಣ್ಣಿದ್ದರೆ ಅಡ್ಡ ತಿರುಗಿ, ದೂರ ಕಾಯ್ದುಕೊಂಡು, ಆಗಲೂ ಕ್ಷಿಪಣಿಗೆ ದಾರಿ ಹೇಳಬಹುದು. ಈ ವಿದ್ಯೆ ಹತ್ತು ಕೋಬ್ರಾಗೆ ಸಮ.

ಯುದ್ಧಭೂಮಿ ಏನು ಹೇಳಿತು? ಉಕ್ರೇನಿನಲ್ಲಿ ಸುಖೋಯ್-35ಗಳು ಹೆಡೆಯೆತ್ತಿ ಕುಣಿಯಲಿಲ್ಲ. ಎತ್ತರದಲ್ಲಿ ಕಾವಲು ತಿರುಗುತ್ತ, ಕೆಳಗೆ ಹಾರುವ ಉಕ್ರೇನಿನ ವಿಮಾನಗಳ ಮೇಲೆ ದೂರದಿಂದ ಕ್ಷಿಪಣಿ ಬಿಟ್ಟವು. ಮಹಡಿ ಮೇಲಿಂದ ಎಸೆದ ಕಲ್ಲು ದೂರ ಹೋಗುತ್ತದೆ, ಬೀದಿಯಿಂದ ಮಹಡಿಗೆ ಎಸೆದದ್ದು ಸೋಲುತ್ತದೆ. ಕ್ಷಿಪಣಿಯ ಕೈಪಿಡಿಯಲ್ಲಿ ಬರೆದ ದೂರ ನಿಜವಾಗುವುದು ಎತ್ತರವೂ ವೇಗವೂ ಇದ್ದಾಗ ಮಾತ್ರ. ಸುಮಾರು ಅರ್ಧ ಟನ್ ತೂಗುವ ಆರ್-37ಎಂ ಎಂಬ ಕ್ಷಿಪಣಿಯನ್ನು ಮಿಗ್-31, ಸುಖೋಯ್-35ಗಳು ಹೀಗೆ ಬಳಸಿ ಉಕ್ರೇನಿಗೆ ಬಹಳ ಕಾಟ ಕೊಟ್ಟವು.

ಇನ್ನೊಂದು ಮುಖವೂ ಇದೆ. 2022ರ ಏಪ್ರಿಲ್ 3ರಂದು ಉಕ್ರೇನಿನ ಇಝ್ಯುಂ ಹತ್ತಿರ ಒಂದು ಸುಖೋಯ್-35 ನೆಲದ ಕ್ಷಿಪಣಿಗೆ ಸಿಕ್ಕಿ ಬಿತ್ತು. 2023ರ ಮೇ 13ರಂದು ರಷ್ಯಾದೊಳಗಿನ ಬ್ರ್ಯಾನ್‌ಸ್ಕ್ ಪ್ರಾಂತ್ಯದ ಮೇಲೆ ಒಂದೇ ದಿನ ಸುಖೋಯ್-35, ಸುಖೋಯ್-34 ಮತ್ತು ಹೆಲಿಕಾಪ್ಟರುಗಳು ಉರುಳಿದವು. ನೆಲದ ಕ್ಷಿಪಣಿಗಳ ಬಲೆ ಹರಿಯದೆ ಇದ್ದುದರಿಂದ ಎರಡೂ ಕಡೆಯ ವಿಮಾನಗಳು ಕಾಳಗದ ಗೆರೆ ದಾಟಿ ಒಳನುಗ್ಗುವ ಧೈರ್ಯವನ್ನು ಹೆಚ್ಚಾಗಿ ಮಾಡಲಿಲ್ಲ. ಸುಖೋಯ್-57 ಕೂಡ ರಷ್ಯಾದ ಆಕಾಶದಿಂದಲೇ ದೂರದ ಕ್ಷಿಪಣಿ ಬಿಡಲು ಬಳಕೆಯಾಗುತ್ತಿದೆ ಎಂದು ಬ್ರಿಟನ್ನಿನ ರಕ್ಷಣಾ ಇಲಾಖೆ 2023ರಲ್ಲಿ ಹೇಳಿತು. ಇರುವುದೇ ಕೆಲವು, ಒಂದು ಬಿದ್ದರೂ ಮಾನ ಹೋಗುತ್ತದೆ, ಗುಟ್ಟೂ ಹೋಗುತ್ತದೆ. ಕೊನೆಗೆ ಪೆಟ್ಟು ಬಿದ್ದದ್ದು ಹಾರುವಾಗಲ್ಲ. 2024ರ ಜೂನ್ 8ರಂದು ರಷ್ಯಾದ ಅಖ್ತುಬಿನ್ಸ್ಕ್ ವಾಯುನೆಲೆಯಲ್ಲಿ ಬಯಲಲ್ಲಿ ನಿಲ್ಲಿಸಿದ್ದ ಒಂದು ಸುಖೋಯ್-57ರ ಪಕ್ಕ ಉಕ್ರೇನಿನ ಡ್ರೋನ್ ಸಿಡಿಯಿತು. ಉಪಗ್ರಹದ ಚಿತ್ರದಲ್ಲಿ ವಿಮಾನದ ಸುತ್ತಲ ಕಾಂಕ್ರೀಟಿನ ಮೇಲೆ ಮಸಿಯ ಕಲೆಗಳು ಕಾಣುತ್ತಿದ್ದವು.

ಭಾರತಕ್ಕೂ ಈ ವಿಮಾನಕ್ಕೂ ಹಳೆಯ ನಂಟಿದೆ. 2007ರಲ್ಲಿ ಒಪ್ಪಂದವಾಗಿ, ನಮ್ಮ ಬೆಂಗಳೂರಿನ ಎಚ್‌ಎಎಲ್ ಮತ್ತು ಸುಖೋಯ್ ಸೇರಿ ಇದರದ್ದೇ ಒಂದು ಭಾರತೀಯ ರೂಪ ಮಾಡುವುದೆಂದಾಗಿತ್ತು. ವಿನ್ಯಾಸದ ಮೊದಲ ಹಂತಕ್ಕೆ 29.5 ಕೋಟಿ ಡಾಲರ್ ಒಪ್ಪಂದವೂ 2010ರಲ್ಲಿ ಆಯಿತು. ಎಂಜಿನ್, ರೇಡಾರ್, ಸ್ಟೆಲ್ತ್ ಮೂರರ ಬಗ್ಗೆಯೂ ವಾಯುಪಡೆಗೆ ಸಮಾಧಾನವಾಗದೆ 2018ರಲ್ಲಿ ಭಾರತ ಹಿಂದೆ ಸರಿಯಿತು. ವಿಮಾನ ಚೆನ್ನಾಗಿ ಕುಣಿಯುವುದಿಲ್ಲ ಎಂದು ಯಾರೂ ದೂರಿರಲಿಲ್ಲ. ಯಲಹಂಕಕ್ಕೆ ಅದು ಬಂದದ್ದು ಇಲ್ಲೇ ತಯಾರಿಸಿಕೊಳ್ಳಿ ಎಂಬ ಹೊಸ ಪ್ರಸ್ತಾಪದ ಜೊತೆ.

ಇದನ್ನೆಲ್ಲ ಆಮೇಲೊಂದು ಸಂಜೆ ಮೇಷ್ಟ್ರಿಗೆ ಹೇಳಿದೆ. ಪೂರ್ತಿ ಕೇಳಿ, "ಹಾಗಾದ್ರೆ ತಗೋಬಾರ್ದು ಅಂತೀರೇನು?" ಅಂದರು. ಹಾಗಲ್ಲ ಸಾರ್, ಎಂಜಿನ್ನನ್ನು ಎಷ್ಟು ಗಂಟೆಗೊಮ್ಮೆ ಬಿಚ್ಚಬೇಕು, ನಮ್ಮ ಕ್ಷಿಪಣಿ ಅದರ ಗೂಡಿಗೆ ಹಿಡಿಸುತ್ತದಾ, ಕಂಪ್ಯೂಟರ್‌ನ ಕೋಡ್ ಕೊಡುತ್ತಾರಾ, ವರ್ಷಕ್ಕೆ ಎಷ್ಟು ಮಾಡಿಕೊಡುತ್ತಾರೆ, ಕೇಳಬೇಕಾದ್ದು ಇವನ್ನು ಅಂದೆ. ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಗೇಟಿನ ಹತ್ತಿರ ನಿಂತು, "ಅದಿರಲಿ, ಈ ಮಟನ್ ಅಂಗಡಿ ಹದಿನೇಳನೇ ತಾರೀಖಿನವರೆಗೂ ಇಲ್ಲವಂತೆ ಹೌದಾ?" ಎಂದು ಕೇಳಿದರು.